ಎಪ್ಪತ್ತೆರಡೂವರೆ ಅರವತ್ತೈದಾದ ಭಾನುವಾರ

ಭಾನುವಾರ ಮಧ್ಯಾಹ್ನ ಒಂದೂವರೆ. ಊರು ವಿಜಯಪುರ ಇರಬಹುದು, ಧಾರವಾಡ ಇರಬಹುದು, ಅಥಣಿಯೂ ಇರಬಹುದು. ನವೋದಯ ಕೋಚಿಂಗ್ ಕ್ಲಾಸಿನ ಮುಂದಿನ ಬೇವಿನ ಮರದಡಿ ಬೈಕುಗಳು ಸಾಲಾಗಿ ನಿಂತಿವೆ. ಅಪ್ಪಂದಿರು ಸೀಟಿಗೆ ಒರಗಿ ಮೊಬೈಲ್ ತಿಕ್ಕುತ್ತಿದ್ದಾರೆ. ಅವ್ವಂದಿರು ಬುತ್ತಿ ಬಿಚ್ಚಿ, ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಸುರುಳಿ ಸುತ್ತಿಟ್ಟುಕೊಂಡಿದ್ದಾರೆ. ವಾರದ ಟೆಸ್ಟ್ ಮುಗಿದ ಗಂಟೆ ಬಾರಿಸಿದ್ದೇ ತಡ, ಐದನೇ ತರಗತಿಯ ಮಕ್ಕಳು ಬೆರಳಿಗೆಲ್ಲ ಪೆನ್ನಿನ ಮಸಿ ಮೆತ್ತಿಕೊಂಡು ಹೊರಗೆ ನುಗ್ಗುತ್ತವೆ. ಸಂಜೆ ಆರರ ಹೊತ್ತಿಗೆ ವಾಟ್ಸ್‌ಆ್ಯಪ್ ಗ್ರೂಪಿಗೆ ಪಟ್ಟಿ ಬೀಳುತ್ತದೆ: ಹೆಸರು, ಅಂಕ, ರ‍್ಯಾಂಕ್. ಅವತ್ತು ರಾತ್ರಿ ಆ ಮನೆಗಳಲ್ಲಿ ಊಟ ಹೇಗೆ ಸಾಗುತ್ತದೆ ಎಂಬುದನ್ನು ಆ ಪಟ್ಟಿಯೇ ತೀರ್ಮಾನಿಸುತ್ತದೆ.

‘ಹೋದ ವಾರ ಎಪ್ಪತ್ತೆರಡೂವರಿ ಬಿದ್ದಿದ್ವು. ಈ ವಾರ ಯಾಕ ಅರವತ್ತೈದಕ್ಕ ಬಂದಾವ?’

ಕಳೆದ ವರ್ಷ ಈ ಪ್ರಶ್ನೆ ನಮ್ಮ ಅಕ್ಕನ ಮನೆಯ ಪಡಸಾಲೆಯಲ್ಲೂ ಕೇಳಿಬಂತು. ಕೇಳಿದವರು ಭಾವ. ಎದುರಿಗೆ ನಿಂತವಳು ನನ್ನ ಸೋದರ ಸೊಸೆ, ಹತ್ತು ವರ್ಷದವಳು. ಅವಳು ಉತ್ತರ ಕೊಡಲಿಲ್ಲ, ಅವಳಲ್ಲಿ ಉತ್ತರ ಇರಲೂ ಇಲ್ಲ. ಅಂಕ ಇಳಿದಿದೆ ಎಂದರೆ ಮಗು ಇಳಿದಿದೆ ಎಂದೇ ಭಾವ ನಂಬಿದ್ದರು. ಪಟ್ಟಿ ನೋಡುವ ಬಹುಪಾಲು ತಂದೆತಾಯಿಗಳ ನಂಬಿಕೆಯೂ ಅದೇ. ಅದು ಎಷ್ಟು ಅಲ್ಲಾಡುವ ನಂಬಿಕೆ ಎಂದು ತಿಳಿಯಲು ನವೋದಯ ಪರೀಕ್ಷೆಯ ಹೊಟ್ಟೆಯೊಳಗೆ ಸ್ವಲ್ಪ ಇಳಿಯಬೇಕು.

1.25ರ ಲೆಕ್ಕ

ಹಳ್ಳಿಯ ಜಾಣ ಮಕ್ಕಳಿಗೆ ಜಿಲ್ಲೆಗೊಂದು ವಸತಿ ಶಾಲೆ ಎಂಬುದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕನಸು. ಆಗ ರಾಜೀವ್ ಗಾಂಧಿ ಪ್ರಧಾನಿ, ಶಿಕ್ಷಣ ಖಾತೆ ಪಿ.ವಿ. ನರಸಿಂಹ ರಾವ್ ಅವರ ಕೈಯಲ್ಲಿತ್ತು. ಇವತ್ತು ತಮಿಳುನಾಡು ಬಿಟ್ಟು ದೇಶದೆಲ್ಲೆಡೆ ಜವಾಹರ್ ನವೋದಯ ವಿದ್ಯಾಲಯಗಳಿವೆ. ಆರನೇ ತರಗತಿಗೆ ಸೇರಿದರೆ ಹನ್ನೆರಡರವರೆಗೆ ಓದಬಹುದು. ವಸತಿ, ಊಟ, ಪುಸ್ತಕ, ಸಮವಸ್ತ್ರ ಎಲ್ಲ ಸರ್ಕಾರದ್ದು. ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಆರನೇ ತರಗತಿಗೆ ಬಾಗಿಲು ಒಂದೇ, ಐದನೇ ತರಗತಿಯಲ್ಲಿರುವಾಗ ಬರೆಯುವ ಪ್ರವೇಶ ಪರೀಕ್ಷೆ. ಅದನ್ನೂ ಎರಡನೇ ಸಲ ಬರೆಯುವಂತಿಲ್ಲ.

ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ. ಮೊದಲ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು: ಬರೀ ಚಿತ್ರಗಳು, ಅಕ್ಷರವೇ ಇಲ್ಲ. ಗುಂಪಿಗೆ ಸೇರದ ಚಿತ್ರ ಹುಡುಕು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ ಹೇಳು, ಮಡಚಿ ತೂತು ಕೊರೆದ ಕಾಗದವನ್ನು ಬಿಚ್ಚಿದರೆ ತೂತುಗಳು ಎಲ್ಲೆಲ್ಲಿರುತ್ತವೆ ಊಹಿಸು, ಹೀಗೆ. ಇದಕ್ಕೇ 50 ಅಂಕ. ಆಮೇಲೆ ಅಂಕಗಣಿತದ 20 ಪ್ರಶ್ನೆ, ಭಾಷೆಯ 20 ಪ್ರಶ್ನೆ, ತಲಾ 25 ಅಂಕ. ಭಾಷೆಯಲ್ಲಿ ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ಮೂರೂ ಸೇರಿ ಒಂದೇ ಓಟ, ನಡುವೆ ಗಂಟೆ ಇಲ್ಲ.

ಪ್ರತಿ ಸರಿಯುತ್ತರಕ್ಕೆ 1.25 ಅಂಕ. ತಪ್ಪಿಗೆ ಕಡಿತವಿಲ್ಲ. ಹಾಗಾಗಿ ಈ ಪರೀಕ್ಷೆಯಲ್ಲಿ ಅಂಕ ಏರುವುದೂ ಇಳಿಯುವುದೂ ಒಂದೂಕಾಲು ಒಂದೂಕಾಲಾಗಿಯೇ. 58 ಸರಿಯಾದರೆ 72.5, 59 ಸರಿಯಾದರೆ 73.75. ನಡುವೆ 73 ಎಂಬ ಅಂಕ ಬರುವುದೇ ಅಸಾಧ್ಯ. ನಿಮ್ಮ ಕೈಗೆ ಬಂದ ಪಟ್ಟಿಯಲ್ಲಿ 73, 81, 64 ಎಂಬ ಅಂಕಗಳಿದ್ದರೆ ಆ ಪತ್ರಿಕೆ ನವೋದಯದ ಮಾದರಿಯದಲ್ಲ ಎಂದು ಮಾಸ್ತರನ್ನು ಕೇಳದೆಯೇ ಹೇಳಬಹುದು. ನೂರು ಪ್ರಶ್ನೆಗೆ ನೂರು ಅಂಕ ಇಟ್ಟು ‘ನವೋದಯ ಟೆಸ್ಟ್’ ಎಂದು ಹೆಸರು ಬರೆದಿರುತ್ತಾರೆ, ಅಷ್ಟೆ.

ಸೊನ್ನೆ ಇರುವುದು ಇಪ್ಪತ್ತೈದರಲ್ಲಿ

ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ. ಪ್ರಶ್ನೆಪತ್ರಿಕೆಯನ್ನು ತೆರೆದೇ ನೋಡದ ಮಗು ಕಣ್ಣು ಮುಚ್ಚಿ ಎಂಬತ್ತೂ ವೃತ್ತಗಳಿಗೆ ಮಸಿ ತುಂಬಿದರೆ ಸರಾಸರಿ 20 ಸರಿಯಾಗುತ್ತವೆ. ಅಂದರೆ 25 ಅಂಕ. ನೂರರಲ್ಲಿ ಇಪ್ಪತ್ತೈದು ಬಂತು, ಕಾಲು ಭಾಗವಾದರೂ ಕಲಿತಿದ್ದಾನೆ ಎಂದು ಸಮಾಧಾನ ಪಡುವಂತಿಲ್ಲ. ಇಲ್ಲಿಯ ಸೊನ್ನೆಯೇ ಇಪ್ಪತ್ತೈದು.

ಮೇಲಿನ ಅಂಕಗಳಲ್ಲೂ ಈ ಅದೃಷ್ಟದ ಪಾಲು ಬೆರೆತಿರುತ್ತದೆ. 60 ಅಂಕ ಬಂತು ಎಂದುಕೊಳ್ಳಿ. 48 ಸರಿ. ಗೊತ್ತಿಲ್ಲದ್ದನ್ನೆಲ್ಲ ಮಗು ಊಹೆಯಿಂದ ತುಂಬಿದ್ದರೆ, ನಿಜಕ್ಕೂ ಗೊತ್ತಿದ್ದದ್ದು 37ರ ಆಸುಪಾಸು. ಉಳಿದ ನಲವತ್ಮೂರರಲ್ಲಿ ಹನ್ನೊಂದು ಊಹೆಗೆ ದಕ್ಕಿದವು. ಈ ಹನ್ನೊಂದು ಇನ್ನೊಂದು ಭಾನುವಾರ ಎಂಟಾಗಬಹುದು, ಹದಿನಾಲ್ಕೂ ಆಗಬಹುದು. ಮಗುವಿನ ತಲೆಯಲ್ಲಿ ಏನೂ ಬದಲಾಗಿರುವುದಿಲ್ಲ.

ಹಾಗೆಂದು ಊಹೆ ಮಾಡಬೇಡ ಎಂದು ಮಗುವಿಗೆ ಹೇಳಬೇಡಿ. ಕಡಿತವಿಲ್ಲದ ಪರೀಕ್ಷೆಯಲ್ಲಿ ವೃತ್ತ ಖಾಲಿ ಬಿಡುವುದು ದಾರಿಯಲ್ಲಿ ಬಿದ್ದ ರೂಪಾಯಿ ದಾಟಿ ಹೋದಂತೆ. ಆದರೆ ಮನೆಯಲ್ಲಿ ಬರೆಯುವ ಟೆಸ್ಟಿನಲ್ಲಿ ಒಂದು ಸಣ್ಣ ಪದ್ಧತಿ ಇಟ್ಟುಕೊಳ್ಳಬಹುದು. ಊಹಿಸಿದ ಪ್ರಶ್ನೆಯ ಪಕ್ಕ, ಪ್ರಶ್ನೆಪತ್ರಿಕೆಯ ಮೇಲೆ, ಒಂದು ಚುಕ್ಕೆ. ಅಂಕಕ್ಕಿಂತ ಆ ಚುಕ್ಕೆಗಳ ಸಂಖ್ಯೆ ಹೆಚ್ಚು ಮಾತಾಡುತ್ತದೆ.

ಚೀಲ ಅದೇ, ಹಿಡಿ ಬೇರೆ

ಸಂತೆಯಲ್ಲಿ ಜೋಳ ಕೊಳ್ಳುವವರು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಾರೆ. ಒಂದು ಹಿಡಿಯಲ್ಲಿ ನಾಲ್ಕು ಹುಳುಕು ಕಾಳು ಸಿಕ್ಕವು. ಇನ್ನೊಂದರಲ್ಲಿ ಒಂದೂ ಇಲ್ಲ. ಚೀಲ ಅದೇ. ಜಾಣ ಗಿರಾಕಿ ಒಂದೇ ಹಿಡಿಗೆ ಚೀಲ ತಿರಸ್ಕರಿಸುವುದಿಲ್ಲ, ಒಪ್ಪಿಕೊಳ್ಳುವುದೂ ಇಲ್ಲ. ಮೇಲಿನಿಂದ, ನಡುವಿನಿಂದ, ಬುಡದಿಂದ ತೆಗೆದು ನೋಡುತ್ತಾನೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಮಗುವಿನ ಅಂಕಕ್ಕೆ ಆ ಅಡುಗೆಮನೆಯ ಲೆಕ್ಕ ಹೊಂದುವುದಿಲ್ಲ, ಸಂತೆಯದ್ದೇ ಹೊಂದುತ್ತದೆ.

ಪ್ರತಿ ಟೆಸ್ಟೂ ಒಂದು ಹಿಡಿ. ಲಾಭ–ನಷ್ಟ, ಭಿನ್ನರಾಶಿ, ಲ.ಸಾ.ಅ., ಕನ್ನಡಿ ಬಿಂಬ ಎಂದು ಕೇಳಬಹುದಾದ ಸಾವಿರಾರು ಪ್ರಶ್ನೆಗಳಿಂದ ಎಂಬತ್ತನ್ನು ಆರಿಸಿದ್ದಾರೆ. ಈ ವಾರದ ಎಂಬತ್ತರಲ್ಲಿ ಮಗುವಿಗೆ ಒಗ್ಗಿದ್ದು ಹೆಚ್ಚಿದ್ದವು, ಮುಂದಿನ ವಾರ ಕಡಿಮೆ. ಇದರಿಂದ ಆಗುವ ಏರಿಳಿತ ಎಷ್ಟು ಎಂದು ಸಂಖ್ಯಾಶಾಸ್ತ್ರ ಅಂದಾಜು ಕೊಡುತ್ತದೆ. ನಿಜವಾದ ಮಟ್ಟ 72ರ ಆಸುಪಾಸಿನಲ್ಲಿರುವ ಮಗುವಿಗೆ ಒಂದು ಟೆಸ್ಟಿನಲ್ಲಿ ಐದು ಅಂಕ ಮೇಲೆ–ಕೆಳಗೆ ಆಗುವುದು ತೀರ ಮಾಮೂಲು. ಮೂರರಲ್ಲಿ ಎರಡು ಸಲ ಅಂಕ 67 ಮತ್ತು 77ರ ನಡುವೆ ಬೀಳುತ್ತದೆ, ಮೂರನೆಯ ಸಲ ಅದರಾಚೆ ಹೋಗುತ್ತದೆ.

ಎರಡು ಟೆಸ್ಟುಗಳನ್ನು ಹೋಲಿಸುವಾಗ ಎರಡರ ಅಲುಗಾಟವೂ ಸೇರಿಕೊಳ್ಳುತ್ತದೆ. ಏನೂ ಬದಲಾಗದಿದ್ದರೂ ಎರಡು ಭಾನುವಾರಗಳ ಅಂತರ ಏಳು ಅಂಕ ದಾಟುವುದು ಮೂರು ಜೋಡಿಗೆ ಒಂದು ಸಲ ಆಗುವ ಸಂಗತಿ. 72.5 ಹೋಗಿ 65 ಆಯಿತಲ್ಲ, ಆ ಅಂತರ ಏಳೂವರೆ. ಅವತ್ತು ರಾತ್ರಿ ಭಾವ ಊಟ ಬಿಟ್ಟು ಎದ್ದರು, ಅದೂ ಆರು ಪ್ರಶ್ನೆಗಳ ವ್ಯತ್ಯಾಸಕ್ಕೆ.

ನಾಲ್ಕು ಟೆಸ್ಟುಗಳ ಸರಾಸರಿ ತೆಗೆದರೆ ಅಲುಗಾಟ ಅರ್ಧಕ್ಕಿಳಿಯುತ್ತದೆ, ಸುಮಾರು ಎರಡೂವರೆ ಅಂಕಕ್ಕೆ. ದಸರೆಗೆ ಮುಂಚಿನ ನಾಲ್ಕು ವಾರದ ಸರಾಸರಿ 62, ದೀಪಾವಳಿ ಕಳೆದ ಮೇಲಿನ ನಾಲ್ಕು ವಾರದ್ದು 70 ಎಂದಿದ್ದರೆ ಖುಷಿಪಡಿ, ಪತ್ರಿಕೆಗಳ ಮಟ್ಟ ಒಂದೇ ಇದ್ದ ಪಕ್ಷದಲ್ಲಿ. ಒಂದು ವಾರದ ಎಂಬತ್ತಕ್ಕೆ ಪೇಢೆ ಹಂಚುವ ಅವಸರ ಬೇಡ.

ಬೈದದ್ದಕ್ಕೇ ಏರಿತೇ?

ಭಾವನ ವಾದ ಬೇರೆ ಇತ್ತು. ‘ಬೈದ್ರ ಮುಂದಿನ ವಾರ ಏರತಾವ. ಹೊಗಳಿದ್ರ ಇಳೀತಾವ. ನಾ ನೋಡೇನಿ.’ ಅವರು ನೋಡಿದ್ದು ಸುಳ್ಳಲ್ಲ. ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು.

ಇದೇ ಮಾತನ್ನು ಇಸ್ರೇಲಿನ ವಾಯುಪಡೆಯ ತರಬೇತುದಾರರು ಡೇನಿಯಲ್ ಕಾನಮನ್ ಎಂಬ ಮನಶ್ಶಾಸ್ತ್ರಜ್ಞರಿಗೆ ಹೇಳಿದ್ದರು. ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಗದರಿಸಿದರೆ ಸುಧಾರಿಸುತ್ತಾನೆ ಎಂದು. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕಾನಮನ್‌ಗೆ ಅಲ್ಲಿ ಕಂಡದ್ದು ಬೇರೆ. ತನ್ನ ಮಟ್ಟಕ್ಕಿಂತ ತುಂಬ ಮೇಲೆ ಹೋದವನು ಮುಂದಿನ ಸಲ ಮಟ್ಟಕ್ಕೆ ಇಳಿಯುತ್ತಾನೆ, ತುಂಬ ಕೆಳಗೆ ಬಿದ್ದವನು ಮಟ್ಟಕ್ಕೆ ಏರುತ್ತಾನೆ. ಬೈಗುಳವೂ ಹೊಗಳಿಕೆಯೂ ಇಲ್ಲದಿದ್ದರೂ ಹಾಗೇ ಆಗುತ್ತಿತ್ತು.

ಅಂಕ ಕಡಿಮೆ ಬಂದ ದಿನವೇ ಬೈಯುತ್ತೇವೆ. ಮುಂದಿನ ವಾರ ಅಂಕ ತಾನಾಗಿ ಮೇಲೆ ಬರುತ್ತದೆ. ಕೀರ್ತಿ ಬೈಗುಳಕ್ಕೆ ಹೋಗುತ್ತದೆ. ಬೈಯುವ ಅಪ್ಪಂದಿರಿಗೆ ಪ್ರತಿ ತಿಂಗಳೂ ಹೊಸ ಪುರಾವೆ ಸಿಗುತ್ತಲೇ ಇರುತ್ತದೆ, ಅದೇ ಈ ಲೆಕ್ಕದ ಕ್ರೌರ್ಯ.

ಉತ್ತರದ ಹಾಳೆ ಮುಂದಿಟ್ಟುಕೊಂಡು

ಆ ರಾತ್ರಿ ಊಟವಾದ ಮೇಲೆ ನಾನೂ ಸೊಸೆಯೂ ಎರಡೂ ವಾರದ ಹಾಳೆಗಳನ್ನು ಜಮಖಾನೆಯ ಮೇಲೆ ಹರಡಿ ಕೂತೆವು. ಒಟ್ಟು ಅಂಕವನ್ನು ಬಿಟ್ಟು ವಿಭಾಗಗಳನ್ನು ನೋಡಿದೆವು. ಹೋದ ವಾರ ಚಿತ್ರದಲ್ಲಿ 33 ಸರಿ, ಅಂಕಗಣಿತದಲ್ಲಿ 14, ಕನ್ನಡದಲ್ಲಿ 11. ಈ ವಾರ 34, 9, 9. ಪರೀಕ್ಷೆಯ ಅರ್ಧದಷ್ಟಿರುವ ಚಿತ್ರಗಳ ವಿಭಾಗದಲ್ಲಿ ಒಂದು ಏರಿತ್ತು! ಪಟ್ಟಿಯಲ್ಲಿ ಅದು ಎಲ್ಲೂ ಕಾಣುತ್ತಿರಲಿಲ್ಲ.

ಅಂಕಗಣಿತದಲ್ಲಿ ಐದು ಯಾಕೆ ಹೋದವು? 44ನೇ ಪ್ರಶ್ನೆ ಕಷ್ಟವೆನಿಸಿ ಆಮೇಲೆ ಮಾಡೋಣವೆಂದು ಬಿಟ್ಟಿದ್ದಳು. ಬಿಟ್ಟದ್ದು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ. ಉತ್ತರದ ಹಾಳೆಯಲ್ಲಿ 45ರ ಉತ್ತರವನ್ನು 44ರ ಸಾಲಿಗೆ ತುಂಬಿದ್ದಳು. ಅಲ್ಲಿಂದ ಎಲ್ಲವೂ ಒಂದೊಂದು ಮನೆ ಹಿಂದೆ. 53ಕ್ಕೆ ಬಂದಾಗ ಗೊತ್ತಾಗಿ, 52ರ ಸಾಲು ಖಾಲಿ ಬಿಟ್ಟು ಮುಂದೆ ಹೋಗಿದ್ದಾಳೆ. ಹಿಂದಿನ ಎಂಟನ್ನು ತಿದ್ದುವಂತಿರಲಿಲ್ಲ, ಪೆನ್ನಿನಲ್ಲಿ ತುಂಬಿದ ವೃತ್ತವನ್ನು ಅಳಿಸಲು ಅವಕಾಶವಿಲ್ಲ. ಆ ಎಂಟರಲ್ಲಿ ಆರು ಉತ್ತರ ಸರಿ ಇದ್ದವು. ತಪ್ಪು ಸಾಲಿನಲ್ಲಿದ್ದದ್ದರಿಂದ ಒಂದಕ್ಕೆ ಮಾತ್ರ, ಅದೂ ಆಕಸ್ಮಿಕವಾಗಿ, ಅಂಕ ಬಿದ್ದಿತ್ತು. ಕಳೆದುಹೋದ ಐದನ್ನು ಸೇರಿಸಿದರೆ 14. ಹೋದ ವಾರದ್ದೇ.

ಕನ್ನಡಕ್ಕೆ ಬಂದರೆ ಕೊನೆಯ ಗದ್ಯಭಾಗದ ಐದಕ್ಕೂ ‘ಎ’ ತುಂಬಿದ್ದಾಳೆ.

‘ಇದೇನ?’ ಎಂದೆ.

‘ಟೈಮ್ ಆಗಿತ್ತು ಮಾಮಾ. ಸರ್ ಕಸಗೊಳ್ಳಾಕತ್ತಿದ್ರು.’

ಟೈಮ್ ಎಲ್ಲಿ ಹೋಯಿತು? ಚಿತ್ರಗಳಿಗೆ ಒಂದು ಗಂಟೆ, ಉಳಿದೆರಡಕ್ಕೆ ಅರ್ಧರ್ಧ ಗಂಟೆ ಎಂಬುದು ಲೆಕ್ಕ. ಆದರೆ ನಡುವೆ ಗಂಟೆ ಹೊಡೆಯುವವರಿಲ್ಲ. ಕಾಗದ ಮಡಚುವ ಪ್ರಶ್ನೆಗಳೆಂದರೆ ಇವಳಿಗೆ ಪಂಚಪ್ರಾಣ. ಅಲ್ಲಿಯೇ ಹತ್ತು ನಿಮಿಷ ಹೆಚ್ಚು ಕೂತಿದ್ದಾಳೆ. ಆ ಒಂದು ಹೆಚ್ಚಿನ ಸರಿಯುತ್ತರಕ್ಕೆ ಒಂದಿಡೀ ಗದ್ಯಭಾಗ ತೆತ್ತಿದ್ದಾಳೆ. ಕನ್ನಡದಲ್ಲಿ ಹೋದ ಇನ್ನೊಂದು ಪ್ರಶ್ನೆ ಯಾಕೆ ಹೋಯಿತೋ ಇಬ್ಬರಿಗೂ ಹೊಳೆಯಲಿಲ್ಲ. ಹನ್ನೊಂದು ಗಂಟೆಯಾಗಿತ್ತು, ಬಿಟ್ಟೆವು.

ಪಟ್ಟಿ ಹೇಳಿದ್ದು ‘ಏಳೂವರೆ ಅಂಕ ಕಡಿಮೆ’ ಎಂದು. ಹಾಳೆ ಹೇಳಿದ್ದು, ಲೆಕ್ಕ ಬರುತ್ತದೆ, ಸಾಲು ತಪ್ಪುತ್ತಾಳೆ, ಗಡಿಯಾರ ನೋಡುವುದಿಲ್ಲ. ಇವಕ್ಕೆ ಹೊಸ ಗೈಡ್ ಪುಸ್ತಕ ಬೇಡ. ಹತ್ತು ಪ್ರಶ್ನೆಗೊಮ್ಮೆ ಪೆನ್ನು ಕೆಳಗಿಟ್ಟು ಎರಡೂ ಕಡೆಯ ಸಂಖ್ಯೆ ತಾಳೆ ನೋಡುವ ಅಭ್ಯಾಸ ಸಾಕು. ಅದು ಕೂರಲು ಎರಡು ವಾರ ಹಿಡಿಯಿತು.

ಪತ್ರಿಕೆ ಯಾರು ತೆಗೆದದ್ದು?

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಎರಡು ವಾರದ ಪತ್ರಿಕೆಗಳು ಒಂದೇ ತೂಕದವೇ? ಕೋಚಿಂಗ್ ಕ್ಲಾಸಿನ ಪತ್ರಿಕೆಗೂ ಒಂದು ರಾಜಕೀಯ ಇರುತ್ತದೆ. ಜೂನ್–ಜುಲೈಯಲ್ಲಿ ಕಷ್ಟದ ಪತ್ರಿಕೆ ಕೊಟ್ಟು ಪರೀಕ್ಷೆ ಹತ್ತಿರ ಬಂದಾಗ ಸಲೀಸು ಮಾಡಿದರೆ ಎಲ್ಲರ ಅಂಕವೂ ಏರುತ್ತದೆ, ಪಾಲಕರು ಸಂತುಷ್ಟರಾಗುತ್ತಾರೆ. ಎಲ್ಲರೂ ಹಾಗೆ ಮಾಡುತ್ತಾರೆ ಎನ್ನಲಾರೆ, ಮಾಡಲು ಬರುತ್ತದೆ ಎಂಬುದನ್ನು ಮರೆಯಲೂ ಆಗದು. ಹಳೆಯ ಪ್ರಶ್ನೆಗಳನ್ನೇ ತಿರುಗಿಸಿ ಕೊಡುವುದೂ ಉಂಟು. ಒಮ್ಮೆ ಬಿಡಿಸಿದ ಚಿತ್ರವನ್ನು ಮಗು ಎರಡನೇ ಸಲ ಬಿಡಿಸುವುದಿಲ್ಲ, ನೆನಪಿಸಿಕೊಳ್ಳುತ್ತದೆ.

ಇದಕ್ಕೊಂದು ಮದ್ದು ಪಟ್ಟಿಯಲ್ಲೇ ಇದೆ, ತರಗತಿಯ ಸರಾಸರಿ. ಎಲ್ಲರ ಸರಾಸರಿ 78 ಇದ್ದ ದಿನ ನಿಮ್ಮ ಮಗು 70 ತೆಗೆದಿದ್ದಕ್ಕಿಂತ, ಸರಾಸರಿ 50 ಇದ್ದ ದಿನ 60 ತೆಗೆದದ್ದು ಮೇಲು. ಜಪಾನಿನಲ್ಲಿ ಹೈಸ್ಕೂಲು ಸೇರಲು ಹದಿನೈದರ ಮಕ್ಕಳು ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಅಲ್ಲಿ ಅಭ್ಯಾಸ ಪರೀಕ್ಷೆಯ ಫಲಿತಾಂಶ ಬರುವುದೇ ಹೀಗೆ ಸರಾಸರಿಗೆ ಹೋಲಿಸಿದ ಒಂದು ಸಂಖ್ಯೆಯಾಗಿ. ಅದರ ಹೆಸರು ‘ಹೆನ್‌ಸಾಚಿ’. ಸರಾಸರಿ ಮಗುವಿಗೆ 50, ಅಲ್ಲಿಂದ ಮೇಲೆ ಎಷ್ಟು, ಕೆಳಗೆ ಎಷ್ಟು ಎಂಬ ಲೆಕ್ಕ. ಪತ್ರಿಕೆ ಸುಲಭವಿರಲಿ ಕಷ್ಟವಿರಲಿ ಸಂಖ್ಯೆಯ ಅರ್ಥ ಬದಲಾಗುವುದಿಲ್ಲ. ಆದರೆ ಮಕ್ಕಳನ್ನು ಆ ಒಂದು ಸಂಖ್ಯೆಯಿಂದಲೇ ಅಳೆಯುವ ಗೀಳು ಎಷ್ಟು ಹತ್ತಿತೆಂದರೆ, 1993ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಖಾಸಗಿ ಕಂಪನಿಗಳ ಅಭ್ಯಾಸ ಪರೀಕ್ಷೆಗಳನ್ನು ಶಾಲೆಗಳಿಂದ ಹೊರಗೆ ಹಾಕಬೇಕಾಯಿತು. ಪರೀಕ್ಷೆಗಳು ಶಾಲೆಯ ಗೇಟಿನಾಚೆ ಟ್ಯೂಷನ್ ಕೇಂದ್ರಗಳಲ್ಲಿ ಸುಖವಾಗಿ ಮುಂದುವರಿದವು.

ಎಷ್ಟು ಬಂದರೆ ಸೀಟು?

ಕಟ್ಟೆಯ ಮೇಲೆ ಕೂತವರೆಲ್ಲ ಕೇಳುವುದು ಇದನ್ನೇ. ಯೂಟ್ಯೂಬಿನಲ್ಲಿ ಇದಕ್ಕೆ ಖಚಿತ ಉತ್ತರ ಕೊಡುವವರಿಗೆ ಕೊರತೆಯಿಲ್ಲ. ಆದರೆ ಇಡೀ ರಾಜ್ಯಕ್ಕೆ ಒಂದೇ ಗೆರೆ ಇರುವುದು ಸಾಧ್ಯವೇ ಇಲ್ಲ. ಇದು ಪಾಸು–ಫೇಲಿನ ಪರೀಕ್ಷೆಯಲ್ಲ. ಆ ಜಿಲ್ಲೆಯಲ್ಲಿ ಆ ವರ್ಷ ಬರೆದ ಮಕ್ಕಳ ನಡುವಿನ ಪೈಪೋಟಿ. ಎಂಬತ್ತರಲ್ಲಿ ಕನಿಷ್ಠ ಅರವತ್ತು ಸೀಟು ಗ್ರಾಮೀಣ ಮಕ್ಕಳಿಗೆ, ಒಟ್ಟಿನಲ್ಲಿ ಮೂರನೇ ಒಂದು ಪಾಲಾದರೂ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡಗಳ ಪಾಲು ಬೇರೆ. ಒಂದೇ ಶಾಲೆಗೆ ಹೀಗೆ ಹಲವು ಗೆರೆಗಳು.

ಇಲ್ಲೊಂದು ಮಾತು ಹೇಳಲೇಬೇಕು. ಮೂರು, ನಾಲ್ಕು, ಐದನೇ ತರಗತಿಗಳಲ್ಲಿ ಮಗು ನಗರದ ಶಾಲೆಯಲ್ಲಿ ಒಂದೇ ಒಂದು ದಿನ ಓದಿದ್ದರೂ ನಿಯಮದ ಕಣ್ಣಿಗೆ ಅದು ನಗರದ ಮಗು. ಕೋಚಿಂಗ್ ಹತ್ತಿರವಾಗಲೆಂದು ಹಳ್ಳಿಯ ಶಾಲೆ ಬಿಡಿಸಿ ಪೇಟೆಯ ಶಾಲೆಗೆ ಹಾಕುವವರಿದ್ದಾರೆ. ಟೆಸ್ಟಿನಲ್ಲಿ ಐದು ಅಂಕ ಗಳಿಸಲು ಹೋಗಿ ಅರವತ್ತು ಸೀಟಿನ ಸಾಲು ಬಿಟ್ಟು ಇಪ್ಪತ್ತರ ಸಾಲಿಗೆ ಹೋಗಿ ನಿಂತಂತೆ.

ಒಂದೇ ಮಗು ನವೋದಯಕ್ಕೂ ಸೈನಿಕ ಶಾಲೆಗೂ ಬರೆಯುವುದು ನಮ್ಮ ಕಡೆ ಸಾಮಾನ್ಯ. ವಿಜಯಪುರ, ಕೊಡಗು ಎಂದರೆ ಅಪ್ಪಂದಿರ ಎದೆ ಉಬ್ಬುತ್ತದೆ. ಆದರೆ ಅಲ್ಲಿಯ ತಕ್ಕಡಿ ಬೇರೆ. ಆರನೇ ತರಗತಿಯ ಸೈನಿಕ ಶಾಲಾ ಪರೀಕ್ಷೆಯ 300 ಅಂಕಗಳಲ್ಲಿ ಅರ್ಧ, ಅಂದರೆ 150, ಗಣಿತಕ್ಕೆ. ಬುದ್ಧಿಶಕ್ತಿಯ ಪ್ರಶ್ನೆಗಳಿಗೆ ಬರೀ 50. ಲೆಕ್ಕಕ್ಕಿಂತ ಚಿತ್ರಗಳಲ್ಲೇ ಹುಲಿಯಾದ ನನ್ನ ಸೊಸೆಯಂಥವರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ‘ನವೋದಯ ಟೆಸ್ಟಿನಾಗ ಎಪ್ಪತ್ತೈತಿ, ಸೈನಿಕದಾಗ ಐವತ್ತ ಯಾಕ?’ ಎಂದು ಕೇಳುವುದು ಲೀಟರಿಗೂ ಕಿಲೋಗೂ ಜಗಳ ಹಚ್ಚಿದಂತೆ.

ಆ ರಾತ್ರಿಯ ನಂತರ ಅಕ್ಕನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಚೌಕದಲ್ಲಿ ನಾಲ್ಕು ಅಂಕಿಗಳು ಸೀಸದಕಡ್ಡಿಯಲ್ಲಿ ಬೀಳತೊಡಗಿದವು: ಚಿತ್ರ, ಲೆಕ್ಕ, ಕನ್ನಡ, ಚುಕ್ಕೆ. ಒಟ್ಟು ಬರೆಯುವುದನ್ನು ಅಕ್ಕ ನಿಲ್ಲಿಸಿದಳು. ಭಾವ ಮಾತ್ರ ಪಟ್ಟಿ ನೋಡುವುದನ್ನು ಬಿಡಲಿಲ್ಲ. ಪರೀಕ್ಷೆಗೆ ಮೂರು ವಾರ ಉಳಿದಿದ್ದಾಗ ನಾನು ಅಲ್ಲೇ ಇದ್ದೆ. ಆರು ಗಂಟೆಗೆ ಫೋನ್ ಟಣ್ ಎಂದಿತು. ಭಾವ ಕನ್ನಡಕ ಏರಿಸಿ, ಬೆರಳಿನಿಂದ ಪಟ್ಟಿ ಮೇಲೆ ಸರಿಸುತ್ತ ಹೆಸರು ಹುಡುಕಿದರು. 68.75. ಒಂದು ಗಳಿಗೆ ಸುಮ್ಮನಿದ್ದು ಅಡುಗೆಮನೆಯ ಕಡೆ ತಿರುಗಿದರು.

‘ಕಡೀ ಪ್ಯಾಸೇಜಿಗೆ ಟೈಮ್ ಸಿಕ್ಕಿತ್ತೇನವಾ?’

‘ಸಿಕ್ಕಿತ್ತು’ ಎಂದಿತು ಒಳಗಿಂದ, ಬಾಯಲ್ಲಿ ರೊಟ್ಟಿ ತುಂಬಿದ ದನಿ. ‘ಎರಡ ಚುಕ್ಕಿ ಅಷ್ಟ.’